ಡಿಸೈನ್ ವಿದ್ಯಾರ್ಥಿ ಜನಾಂಗೀಯ ಸಮಾನತೆಗೆ ಏನು ಮಾಡಬಹುದು? ಮೊದಲು ಓದಿ, ಆಮೇಲೆ ಬಿಡಿಸಿ

ನಿಮ್ಮ ಪ್ರಶ್ನೆ ಇದು: "ಆಗಸ್ಟ್‌ನಲ್ಲಿ ಗ್ರಾಫಿಕ್ ಡಿಸೈನ್ ಓದಲು ಮಿನಿಯಾಪೊಲಿಸ್‌ಗೆ ಹೋಗುತ್ತಿದ್ದೇನೆ. ಜನಾಂಗೀಯ ಸಮಾನತೆಗಾಗಿ ಕೆಲಸ ಮಾಡುವ ಒಂದು ಸಂಸ್ಥೆಗೆ ಉಚಿತವಾಗಿ ಡಿಸೈನ್ ಮಾಡಿಕೊಡುವ ಕ್ಲಾಸ್ ಇದೆ. ಭಾರತದಿಂದ ಹೋದ ನನಗೆ ಅಲ್ಲಿನ ಕಪ್ಪು-ಬಿಳಿ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಇದೆಯಾ? ಪೋಸ್ಟರ್ ಮಾಡಿದರೆ ಏನಾದರೂ ಬದಲಾಗುತ್ತಾ?"

ನಾನು ದಾವಣಗೆರೆಯವಳು. 2021ರಿಂದ 2023ರವರೆಗೆ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲೇ ಡಿಸೈನ್ ಓದಿದೆ. ನಮಗೂ ಇಂಥದ್ದೇ ಒಂದು ಕ್ಲಾಸ್ ಇತ್ತು. ಆರು ಜನ ವಿದ್ಯಾರ್ಥಿಗಳು, ಒಂದು ಸಣ್ಣ ಸಂಸ್ಥೆ, 15 ವಾರ. ಓದಿದ ಎರಡು ವರ್ಷದಲ್ಲಿ ನನಗೆ ತುಂಬಾ ಮುಖ್ಯವಾದ ಕೆಲಸ ಅದೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿಯನ್ನು ಪೊಲೀಸರು ಕೊಂದದ್ದು ಆ ಊರಿನಲ್ಲೇ, 38ನೇ ಸ್ಟ್ರೀಟ್ ಮತ್ತು ಶಿಕಾಗೊ ಅವೆನ್ಯೂ ಕೂಡುವ ಕಡೆ. ನಾನು ಹೋದಾಗಲೂ ಅಲ್ಲಿ ಹೂವು, ಚಿತ್ರ, ಕೈಬರಹದ ಬೋರ್ಡುಗಳು ಇದ್ದವು. ಅದನ್ನೆಲ್ಲ ನೋಡಿ ನಮ್ಮ ತಲೆಯಲ್ಲೂ ಬರೀ ಪೋಸ್ಟರೇ ತುಂಬಿತ್ತು. ಮೂರನೇ ವಾರಕ್ಕೆ ಆರು ಜನರೂ ಆರು ಪೋಸ್ಟರ್ ಮಾಡಿಕೊಂಡು ಹೋದೆವು. ಬಿಗಿದ ಮುಷ್ಟಿ, ಕಣ್ಣೀರಿನ ಮುಖ, ದಪ್ಪ ಅಕ್ಷರ. ನನ್ನದರಲ್ಲಿ ಬೇರೆ ಬೇರೆ ಬಣ್ಣದ ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು.

ಆ ಸಂಸ್ಥೆ ಮಾಡುತ್ತಿದ್ದದ್ದು ಮನೆಗಳ ಹಳೇ ಕ್ರಯಪತ್ರಗಳ ಕೆಲಸ. ಸಂಸ್ಥೆಯಲ್ಲಿ ಎಪ್ಪತ್ತು ದಾಟಿದ ಕಪ್ಪು ಮಹಿಳೆಯೊಬ್ಬರಿದ್ದರು. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜಿ ಅಂತ ಕರೆಯುತ್ತಿದ್ದೆ. ಅಜ್ಜಿ ಆರೂ ಪೋಸ್ಟರ್ ನಿಧಾನವಾಗಿ ನೋಡಿದರು. ಚೆನ್ನಾಗಿವೆ ಅಂದರು. ಆಮೇಲೆ ಅವನ್ನು ಪಕ್ಕಕ್ಕಿಟ್ಟು, ಫೈಲಿನಿಂದ ಒಂದು ಜೆರಾಕ್ಸ್ ತೆಗೆದು ನನ್ನ ಕೈಗೆ ಕೊಟ್ಟರು. "ಜೋರಾಗಿ ಓದು" ಅಂದರು.

ಅದು 1910ರ ಒಂದು ಕ್ರಯಪತ್ರ. ನಮ್ಮ ಕಡೆಯ ಪತ್ರದ ಹಾಗೇ ಇತ್ತು. ಮಾರಿದವರ ಹೆಸರು, ಕೊಂಡವರ ಹೆಸರು, ಸೈಟ್ ನಂಬರ್, ಬ್ಲಾಕ್ ನಂಬರ್, ನಮ್ಮಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ಅಂಥ ವಿವರ. ಓದುತ್ತಾ ಹೋದೆ. ಅದೇ ಉಸಿರಿನಲ್ಲಿ ಒಂದು ಸಾಲು ಬಂತು. ಈ ಜಾಗವನ್ನು ಚೀನೀ, ಜಪಾನೀ, ಮೂರ್, ತುರ್ಕಿ, ನೀಗ್ರೊ, ಮಂಗೋಲ್ ಅಥವಾ ಆಫ್ರಿಕನ್ ರಕ್ತದ ಯಾರಿಗೂ ಯಾವತ್ತೂ ಮಾರಬಾರದು, ಅಡ ಇಡಬಾರದು, ಬಾಡಿಗೆಗೆ ಕೊಡಬಾರದು ಅಂತ. ನನ್ನ ಧ್ವನಿ ಅಲ್ಲೇ ಕಟ್ಟಿತು. ಆ ಸಾಲು ದಪ್ಪ ಅಕ್ಷರದಲ್ಲಿರಲಿಲ್ಲ, ಬೈಗುಳವೂ ಇರಲಿಲ್ಲ. ಸೈಟಿನ ಅಳತೆ ಬರೆದಷ್ಟೇ ತಣ್ಣಗೆ ಅದನ್ನೂ ಬರೆದಿದ್ದರು.

ಆವತ್ತು ನನಗೆ ಹೊಳೆದದ್ದನ್ನೇ ನಿಮಗೂ ಹೇಳುವುದು. ನಾವು ಅನ್ಯಾಯವನ್ನು ಮುಷ್ಟಿ, ಬೆಂಕಿ, ಕಣ್ಣೀರಿನ ಚಿತ್ರದಲ್ಲಿ ಹುಡುಕುತ್ತಿದ್ದೆವು. ಅದು ನೋಂದಣಿ ಕಚೇರಿಯ ಕಾಗದದಲ್ಲಿ, ಸಣ್ಣ ಅಕ್ಷರದಲ್ಲಿ ಕೂತಿತ್ತು. ಅದನ್ನು ಹಾಗೆ ಬರೆದು, ಅಚ್ಚು ಹಾಕಿ, ಸಹಿ ಮಾಡಿಸಿದ್ದೂ ಒಂದು ರೀತಿಯ ಡಿಸೈನೇ ಅಲ್ವಾ? ಅದನ್ನು ಬಿಚ್ಚುವ ಕೆಲಸವೂ ಕಾಗದದ ಮೇಲೇ ಆಗಬೇಕು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಮಿನಿಯಾಪೊಲಿಸ್‌ನಲ್ಲಿ ಇಂಥ ಷರತ್ತಿರುವ 8,000ಕ್ಕೂ ಹೆಚ್ಚು ಪತ್ರಗಳನ್ನು ಮಿನೆಸೋಟ ವಿಶ್ವವಿದ್ಯಾಲಯದ 'ಮ್ಯಾಪಿಂಗ್ ಪ್ರೆಜುಡಿಸ್' ಯೋಜನೆ ಹುಡುಕಿ ನಕ್ಷೆ ಮಾಡಿದೆ. ಆ ಯೋಜನೆ ಶುರುವಾದದ್ದು 2016ರಲ್ಲಿ. 1948ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವ ಹಾಗಿಲ್ಲ ಅಂದಿತ್ತು. 1953ರಲ್ಲಿ ಮಿನೆಸೋಟ ಹೊಸದಾಗಿ ಬರೆಯುವುದನ್ನು ನಿಷೇಧಿಸಿತು. 1968ರ ಫೇರ್ ಹೌಸಿಂಗ್ ಕಾಯ್ದೆ ಇಡೀ ದೇಶದಲ್ಲಿ ಮನೆ ವಿಷಯದ ಭೇದವನ್ನು ಕಾನೂನುಬಾಹಿರ ಮಾಡಿತು. ಆದರೆ ಅಷ್ಟರೊಳಗೆ ಯಾರು ಎಲ್ಲಿ ಮನೆ ಕೊಂಡರು, ಯಾರು ಕೊಳ್ಳಲಾಗಲಿಲ್ಲ ಅನ್ನುವುದು ತೀರ್ಮಾನ ಆಗಿಹೋಗಿತ್ತು. ಮನೆ ಅಂದರೆ ಸುಮ್ನೆ ಗೋಡೆಯಲ್ಲ. ಅಪ್ಪ ಕೊಂಡ ಮನೆ ಮಗಳ ಓದಿಗೆ ಅಡಮಾನ ಆಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಆಸ್ತಿ ಆಗುತ್ತದೆ. ಅಜ್ಜಿಯ ಅಪ್ಪ ರೈಲಿನಲ್ಲಿ ಪೋರ್ಟರ್ ಆಗಿದ್ದವರು. ಕೈಯಲ್ಲಿ ದುಡ್ಡಿದ್ದರೂ ಕೆರೆ ಪಕ್ಕದ ಬೀದಿಗಳಲ್ಲಿ ಮನೆ ಸಿಗಲಿಲ್ಲ. ಪಕ್ಕದ ಸೇಂಟ್ ಪಾಲ್ ಊರಿನಲ್ಲಿ ಕಪ್ಪು ಜನರ ರಾಂಡೊ ಬಡಾವಣೆಯಲ್ಲಿ ಮನೆ ಮಾಡಿದರು. ಆ ಬಡಾವಣೆಯ ಮಧ್ಯೆಯೇ ಐ-94 ಹೆದ್ದಾರಿ ಹಾದುಹೋಯಿತು. ಇದ್ದ ಮನೆಯೂ ಹೋಯಿತು.

2019ರಲ್ಲಿ ಮಿನೆಸೋಟದಲ್ಲಿ ಇನ್ನೊಂದು ಕಾನೂನು ಬಂತು. ಈಗಿನ ಮನೆ ಮಾಲೀಕರು ಒಂದು ಫಾರ್ಮ್ ತುಂಬಿ, ನೋಟರಿ ಎದುರು ಸಹಿ ಮಾಡಿ, ಆ ಷರತ್ತನ್ನು ತಾವು ತಿರಸ್ಕರಿಸಿದ್ದೇವೆ ಅಂತ ದಾಖಲೆ ಮಾಡಿಸಬಹುದು. ಸಂಸ್ಥೆಗೆ ನಮ್ಮಿಂದ ಬೇಕಿದ್ದದ್ದು ಇಷ್ಟೇ. ಜನರಿಗೆ ಇದು ಗೊತ್ತಾಗಬೇಕು, ಫಾರ್ಮ್ ನೋಡಿ ಯಾರೂ ಹೆದರಬಾರದು.

ಆರು ಪೋಸ್ಟರ್ ಬದಿಗಿಟ್ಟು ಒಂದೇ ಒಂದು ಹಾಳೆ ಮಾಡಿದೆವು. ಮುಂದಿನ ಬದಿಯಲ್ಲಿ ಆ ಪತ್ರದ ಜೆರಾಕ್ಸನ್ನು ಇದ್ದ ಹಾಗೆ, ಇದ್ದಷ್ಟೇ ಅಳತೆಯಲ್ಲಿ ಹಾಕಿದೆವು. ಆ ಸಾಲನ್ನು ದೊಡ್ಡದು ಮಾಡಲಿಲ್ಲ. ನನಗೆ ಮಾಡಬೇಕು ಅನ್ನಿಸಿತ್ತು, ಗೆಳತಿಯೊಬ್ಬಳು ಬೇಡ ಅಂದಳು. "ಓದುವವರೂ ನಿನ್ನ ಹಾಗೇ ಹುಡುಕಿಕೊಂಡು ಹೋಗಿ ಅದರ ಮೇಲೆ ಬೀಳಲಿ" ಅಂದಳು. ಅವಳ ಮಾತೇ ಸರಿ. ಸಾಲಿನ ಕೆಳಗೆ ಒಂದು ಗೆರೆ ಮಾತ್ರ ಎಳೆದೆವು. ಹಿಂದಿನ ಬದಿಯಲ್ಲಿ ಫಾರ್ಮ್ ತುಂಬುವ ಐದು ಹೆಜ್ಜೆ, ಫೋನ್ ನಂಬರ್, ಕಚೇರಿ ವಿಳಾಸ.

ಜಾಸ್ತಿ ಹೊತ್ತು ಹಿಡಿದದ್ದು ಮೇಲಿನ ತಲೆಬರಹ. ನಾನು "ಈ ಸಾಲನ್ನು ಅಳಿಸಿ" ಅಂತ ಬರೆದಿದ್ದೆ. ಅಜ್ಜಿ ತಲೆ ಅಲ್ಲಾಡಿಸಿದರು. ಕಾನೂನಿನ ಪ್ರಕಾರ ಹಳೇ ಸಾಲು ಅಳಿಯುವುದಿಲ್ಲ, ದಾಖಲೆಯಲ್ಲಿ ಹಾಗೇ ಇರುತ್ತದೆ. ಅದರ ಜೊತೆಗೆ ಇನ್ನೊಂದು ದಾಖಲೆ ಸೇರುತ್ತದೆ, ಅಷ್ಟೇ. "ಅಳಿಸಿದರೆ ನನ್ನ ಅಪ್ಪನಿಗೆ ಮನೆ ಯಾಕೆ ಸಿಗಲಿಲ್ಲ ಅಂತ ನಾಳೆ ಯಾರಿಗೆ ಗೊತ್ತಾಗುತ್ತೆ?" ಅಂದರು. ಎರಡು ವಾರ ಅದೊಂದೇ ಪದಕ್ಕೆ ಹೋಯಿತು. ಕೊನೆಗೆ "ನಿಮ್ಮ ಮನೆಯ ಪತ್ರದಲ್ಲಿ ಏನಿದೆ, ನೋಡಿದ್ದೀರಾ?" ಅಂತ ಇಟ್ಟೆವು. ಬಣ್ಣ, ಫಾಂಟ್ ಬಗ್ಗೆ ಅದರ ಕಾಲು ಭಾಗವೂ ಚರ್ಚೆ ಆಗಿರಲಿಲ್ಲ.

ಇನ್ನೊಂದು ಪಾಠ ಸಿಕ್ಕಿದ್ದು ಅವರ ಜೆರಾಕ್ಸ್ ಮೆಷಿನ್ ಮುಂದೆ. ನಮ್ಮ ಮೊದಲ ಹಾಳೆಯಲ್ಲಿ ಗೆರೆ ತಿಳಿ ಹಳದಿ ಇತ್ತು. ಸ್ಕ್ರೀನ್ ಮೇಲೆ ಚೆಂದ ಕಾಣುತ್ತಿತ್ತು. ಸಂಸ್ಥೆಯಲ್ಲಿದ್ದದ್ದು ಕಪ್ಪು-ಬಿಳುಪಿನ ಹಳೇ ಮೆಷಿನ್. ಅದರಲ್ಲಿ ತೆಗೆದಾಗ ಗೆರೆಯೇ ಮಾಯ! ಆವತ್ತಿನಿಂದ ಪ್ರತಿ ಕರಡನ್ನೂ ಅದೇ ಮೆಷಿನ್‌ನಲ್ಲಿ ತೆಗೆದು, ಚರ್ಚಿನ ಊಟದ ಹೊತ್ತಿನಲ್ಲಿ ನಾಲ್ಕು ಜನರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಅಂತ ನೋಡುತ್ತಿದ್ದೆವು. ಆ ಊರಿನಲ್ಲಿ ಸೊಮಾಲಿ, ಮೊಂಗ್, ಸ್ಪ್ಯಾನಿಷ್ ಮಾತಾಡುವವರು ತುಂಬಾ ಜನ ಇದ್ದಾರೆ. ಸೊಮಾಲಿಯನ್ನು 1972ರಿಂದ ಲ್ಯಾಟಿನ್ ಅಕ್ಷರದಲ್ಲೇ ಬರೆಯುತ್ತಾರೆ, ಹಾಗಾಗಿ ಫಾಂಟ್ ತೊಂದರೆ ಆಗಲಿಲ್ಲ. ಆದರೆ ಅನುವಾದ ಇಂಗ್ಲಿಷಿಗಿಂತ ಉದ್ದ ಬಂದು ಐದನೇ ಹೆಜ್ಜೆ ಹಾಳೆಯಿಂದ ಹೊರಗೆ ಹೋಯಿತು. ಕನ್ನಡ ಜೋಡಿಸಿ ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ. ಇಂಗ್ಲಿಷಿಗೆ ಅಂತ ಬಿಟ್ಟ ಜಾಗದಲ್ಲಿ ನಮ್ಮ ಒತ್ತಕ್ಷರ ಯಾವತ್ತು ಹಿಡಿಸಿದೆ? ಕ್ಲಾಸಿನಲ್ಲಿ ಆ ಕಷ್ಟ ಮೊದಲೇ ಊಹಿಸಿದವಳು ನಾನೊಬ್ಬಳೇ. ನೀವು ಕನ್ನಡದವರು ಅನ್ನುವುದು ಅಲ್ಲಿ ಕೆಲಸಕ್ಕೆ ಬರುತ್ತದೆ, ನಂಬಿ.

ವಿದ್ಯಾರ್ಥಿಗಳು ಮಾಡಿದ್ದರಿಂದ ಏನಾಗುತ್ತದೆ ಅಂತ ಅನುಮಾನ ಬಂದಾಗ ನಾನು ನೋಡುವುದು 1900ರ ಒಂದಿಷ್ಟು ಹಾಳೆಗಳನ್ನು. ಆ ವರ್ಷ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡಬ್ಲ್ಯು. ಇ. ಬಿ. ಡುಬಾಯ್ಸ್, ತಮ್ಮ ವಿದ್ಯಾರ್ಥಿಗಳನ್ನೂ ಹಳೇ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಕಪ್ಪು ಅಮೆರಿಕನ್ನರ ಬದುಕಿನ ಬಗ್ಗೆ ಸುಮಾರು 60 ಚಾರ್ಟ್ ತಯಾರಿಸಿದರು. ಎಲ್ಲ ಕೈಯಲ್ಲೇ, ಶಾಯಿ ಮತ್ತು ಜಲವರ್ಣದಲ್ಲಿ. ಒಂದು ಚಾರ್ಟಿನಲ್ಲಿ ಹಾಳೆ ತುಂಬಾ ಕಪ್ಪು ಬೆಟ್ಟ, ಅದರ ನೆತ್ತಿಯಲ್ಲಿ ಹಸಿರಿನ ತೆಳು ಪಟ್ಟಿ. ಕಪ್ಪು ಭಾಗ ಗುಲಾಮರು, ಹಸಿರು ಸ್ವತಂತ್ರರು. 1790ರಿಂದ 1860ರವರೆಗೆ ಆ ಪಟ್ಟಿ ತೆಳುವಾಗೇ ಇರುತ್ತದೆ. 1860ರಲ್ಲಿ ನೂರಕ್ಕೆ 11 ಜನ ಮಾತ್ರ ಸ್ವತಂತ್ರರು. ಗುಲಾಮಗಿರಿ ರದ್ದಾದ ಮೇಲೆ, 1870ಕ್ಕೆ ಬೆಟ್ಟ ಕಡಿದ ಹಾಗೆ ಬಿದ್ದು ಹಸಿರು ಬುಡದವರೆಗೆ ಇಳಿಯುತ್ತದೆ. ಒಬ್ಬರ ಮುಖವೂ ಇಲ್ಲ, ಒಂದು ಕಣ್ಣೀರೂ ಇಲ್ಲ. ಆದರೂ ನೋಡಿದರೆ ಗಂಟಲು ಕಟ್ಟುತ್ತದೆ. ಅವು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟಿನಲ್ಲಿವೆ, ದೊಡ್ಡದು ಮಾಡಿ ನೋಡಿ. ಪೆನ್ಸಿಲ್ ಗೆರೆಗಳು ಕೆಲವು ಕಡೆ ಇನ್ನೂ ಕಾಣುತ್ತವೆ.

ಪೋಸ್ಟರ್ ಬೇಡ ಅಂತಲ್ಲ. 1968ರಲ್ಲಿ ಅಮೆರಿಕದ ಮೆಂಫಿಸ್ ಊರಿನ ಕಪ್ಪು ಪೌರಕಾರ್ಮಿಕರು "ನಾನು ಮನುಷ್ಯ" ಅನ್ನುವ ಫಲಕ ಹಿಡಿದು ಮುಷ್ಕರ ಮಾಡಿದರು. ಕಸದ ಲಾರಿಯಲ್ಲಿ ಸಿಕ್ಕಿ ಇಬ್ಬರು ಸತ್ತ ಮೇಲೆ ಶುರುವಾದ ಮುಷ್ಕರ ಅದು. ಆ ಫಲಕದ ಅಕ್ಷರಗಳಿಂದಲೇ ಟ್ರೇ ಸೀಲ್ಸ್ ಅನ್ನುವ ಡಿಸೈನರ್ 'ಮಾರ್ಟಿನ್' ಅಂತ ಒಂದು ಫಾಂಟ್ ಮಾಡಿದ್ದಾರೆ. ಆದರೆ ಆ ಫಲಕ ಹಿಡಿದವರು ಕಾರ್ಮಿಕರೇ. ಮಾತು ಅವರದೇ ಆಗಿತ್ತು.

ಈಗ ಹಕ್ಕಿನ ಪ್ರಶ್ನೆ. ನಾವು ಹೊರಗಿನವರು, ನಿಜ. ಆದರೆ ಆ ಕಥೆಯಿಂದ ಪೂರ್ತಿ ಹೊರಗಿಲ್ಲ. 1923ರಲ್ಲಿ, ಪಂಜಾಬಿನಿಂದ ಅಮೆರಿಕಕ್ಕೆ ಹೋಗಿದ್ದ ಭಗತ್ ಸಿಂಗ್ ಥಿಂದ್ ಅವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ತೀರ್ಪು ಕೊಟ್ಟಿತ್ತು. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿ ನೆಲೆಸುವ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಇಲ್ಲದಿದ್ದರೆ ಅದು ಬರುತ್ತಿರಲಿಲ್ಲ ಅಂತಲೇ ನಾನು ತಿಳಿದಿದ್ದೇನೆ. ಆ ಋಣ ನಮ್ಮ ಮೇಲಿದೆ.

ಇನ್ನೊಂದು ಮಾತು. ಆ ಕ್ರಯಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾಗಿದ್ದು ಬೆಂಗಳೂರಿನ ಮನೆ ಹುಡುಕಾಟ. "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಗೇಟಿನ ಬೋರ್ಡು. ಫೋನಿನಲ್ಲಿ "ನೀವು ಯಾವ ಜನ?" ಅನ್ನುವ ಪ್ರಶ್ನೆ. ನನ್ನ ಜೊತೆ ಮನೆ ನೋಡಲು ಬಂದ ಗೆಳತಿಯ ಹೆಸರು ಕೇಳಿದ ಮೇಲೆ ಖಾಲಿ ಇದ್ದ ಮನೆ ಇದ್ದಕ್ಕಿದ್ದ ಹಾಗೆ ಖಾಲಿ ಇಲ್ಲ ಅಂತಾಯಿತು. ನನಗೆ ಮನೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಆವತ್ತು ನಾನು ಅಡ್ವಾನ್ಸ್ ಕೊಟ್ಟು ಬೀಗದ ಕೈ ತಗೊಂಡೆ. ಅಜ್ಜಿಗೆ ಇದನ್ನು ಹೇಳಿದೆ. ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಿನಗೆ ಈ ಕಾಗದ ಓದಲು ಬರುತ್ತೆ ಹಾಗಾದರೆ" ಅಂದರು. ಹಕ್ಕಿನ ಬಗ್ಗೆ ನನಗೆ ಸಿಕ್ಕ ಉತ್ತರ ಅದೇ.

ಕೆಲಸದ ವಿಷಯ ಒಂದೆರಡು. ಸೆಮಿಸ್ಟರ್ ಮುಗಿಯುತ್ತದೆ, ಸಂಸ್ಥೆಯ ಕೆಲಸ ಮುಗಿಯುವುದಿಲ್ಲ. ಬರೀ ಪಿಡಿಎಫ್ ಕೊಟ್ಟು ಬಂದರೆ ಫೋನ್ ನಂಬರ್ ಬದಲಾದ ದಿನ ನಿಮ್ಮ ಹಾಳೆ ಕಸದ ಬುಟ್ಟಿಗೆ. ಅವರ ಕಂಪ್ಯೂಟರಿನಲ್ಲಿ ಏನಿದೆಯೋ ಅದರಲ್ಲೇ ತಿದ್ದುವ ಹಾಗೆ ಮಾಡಿ, ಒಂದು ಮಧ್ಯಾಹ್ನ ಕೂತು ಕಲಿಸಿಕೊಡಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಫಾಂಟ್ ಬಳಸಬೇಡಿ. ಯಾರದೇ ಫೋಟೊ ಹಾಕುವ ಮೊದಲು ಅವರನ್ನೇ ಕೇಳಿ. ನೋವಿನ ಮುಖಗಳನ್ನು ನಿಮ್ಮ ಪೋರ್ಟ್‌ಫೋಲಿಯೊಗಾಗಿ ಬಳಸಬೇಡಿ. ಪೋರ್ಟ್‌ಫೋಲಿಯೊದಲ್ಲಿ ಈ ಕೆಲಸ ಹಾಕಬಾರದು ಅಂತಲ್ಲ, ಹಾಕಿ. ಆದರೆ ತಲೆಬರಹ ಯಾರು ತಿದ್ದಿದರು, ಅನುವಾದ ಯಾರು ಮಾಡಿದರು ಅಂತ ಅವರನ್ನು ಕೇಳಿ ಹೆಸರು ಹಾಕಿ. ಕ್ಲಾಸಿನ ಹೊರಗೆ ಸಂಸ್ಥೆಯಲ್ಲಿ ಮುಂದುವರಿಯುವುದಾದರೆ ಮೊದಲೇ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಕೊಳ್ಳಿ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಯಾವುದು ಸ್ವಯಂಸೇವೆ, ಯಾವುದು ಕೆಲಸ ಅನ್ನುವುದು ನಾಜೂಕಿನ ವಿಷಯ.

ಆಗಸ್ಟ್‌ವರೆಗೆ ಕಾಯಬೇಕಾಗಿಲ್ಲ. ಮ್ಯಾಪಿಂಗ್ ಪ್ರೆಜುಡಿಸ್‌ನವರು ಝೂನಿವರ್ಸ್ ಅನ್ನುವ ತಾಣದಲ್ಲಿ ಹಳೇ ಪತ್ರಗಳ ಸ್ಕ್ಯಾನ್ ಇಟ್ಟು, ಓದಿ ಷರತ್ತು ಗುರುತಿಸಿಕೊಡಿ ಅಂತ ಯಾರನ್ನಾದರೂ ಕೇಳುತ್ತಾರೆ. ಮನೆಯಿಂದಲೇ ಮಾಡಬಹುದು. ಒಂದು ಸಂಜೆ ಕೂತು ಹತ್ತು ಪತ್ರ ಓದಿ. ಮೌನವಾಗಿ ಬೇಡ, ಜೋರಾಗಿ ಓದಿ. ಎಲ್ಲಿ ಧ್ವನಿ ನಿಲ್ಲುತ್ತೋ ಅಲ್ಲಿ ಗುರುತು ಹಾಕಿಕೊಂಡು, ಮೊದಲ ದಿನ ಕ್ಲಾಸಿಗೆ ಅದನ್ನೇ ತಗೊಂಡು ಹೋಗಿ.