ಹೊಸ ನಾಯಿಗೆ ಮೊದಲ ದಿನವೇ ಸಂಕೋಲೆ ಬೇಡ ಅಣ್ಣಾ

ಅಣ್ಣಾ, ನೀವು ನಮ್ಮ ಗುಂಪಿನಲ್ಲಿ ಹಾಕಿದ ಫೋಟೋ ನೋಡಿದೆ. ನಮ್ಮ ಕಾಸರಗೋಡಿನ ಬಂದ್ಯೋಡು ಪೇಟೆಯಿಂದ ತಂದ ಹೆಣ್ಣು ನಾಯಿ, ಮೈತುಂಬ ಕಜ್ಜಿ, ಅಡಿಕೆ ಕೊಟ್ಟಿಗೆಯ ಕಂಬಕ್ಕೆ ಸಂಕೋಲೆ, ಬೆನ್ನಿಗೆ ಕರಿ ಆಯಿಲ್ (ಗಾಡಿಯ ಹಳೇ ಎಂಜಿನ್ ಎಣ್ಣೆ). ‘ಎರಡು ದಿನದಿಂದ ಏನೂ ತಿನ್ನುತ್ತಿಲ್ಲ, ಹತ್ತಿರ ಹೋದರೆ ಹಲ್ಲು ತೋರಿಸುತ್ತದೆ’ ಅಂತ ಬರೆದಿದ್ದೀರಿ. ಕೆಳಗೆ ಒಬ್ಬರು ‘ಎರಡು ಬಿಗಿಯಿರಿ, ಸರಿಯಾಗ್ತದೆ’ ಅಂದಿದ್ದಾರೆ. ಅವರ ಮಾತು ಕೇಳಬೇಡಿ. ಅವರ ಮನೆ ನಾಯಿ ಹೇಗಿದೆ ಅಂತ ನನಗೆ ಗೊತ್ತಿದೆ.

ಮೊದಲು ಒಂದು ವಿಷಯ ನೋಡಿಕೊಳ್ಳಿ. ಜೊಲ್ಲು ಸುರಿಯುತ್ತಿದೆಯಾ, ದವಡೆ ಜೋತಿದೆಯಾ, ನೀರು ನುಂಗಲು ಕಷ್ಟಪಡುತ್ತಿದೆಯಾ? ಹಾಗಿದ್ದರೆ ಯಾರೂ ಹತ್ತಿರ ಹೋಗಬೇಡಿ, ಮೃಗಾಸ್ಪತ್ರೆಗೆ ಫೋನ್ ಮಾಡಿ. ತರುವಾಗ ಯಾರಿಗಾದರೂ ಹಲ್ಲು ತಾಗಿದ್ದರೆ, ಉಗುರು ಗೀರಿದ್ದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸು ಎಲ್ಲ ಬೇಡ.

ಹಾಗೇನೂ ಇಲ್ಲ, ಬರೀ ಹೆದರಿಕೆ ಅಂತಾದರೆ ಸಂಕೋಲೆ ಬಿಚ್ಚುವ ದಾರಿ ಹುಡುಕಿ. ಕೈಹಾಕಿ ಬಿಚ್ಚಲು ಹೋಗಿ ಕಚ್ಚಿಸಿಕೊಳ್ಳಬೇಡಿ ಮತ್ತೆ. ಮೊದಲು ಸುತ್ತ ಗ್ರೀನ್ ನೆಟ್ಟೋ ಹಳೇ ಗೇಟೋ ಕಟ್ಟಿ ಮುಚ್ಚಿ, ಆಮೇಲೆ ಕಂಬದ ಕಡೆಯ ತುದಿ ಬಿಚ್ಚಿ. ಕುತ್ತಿಗೆಯ ಕಡೆಯದು ಆಮೇಲಿನ ಮಾತು. ಆದರೆ ನೆಟ್ಟು ಗಟ್ಟಿ ಇಲ್ಲದಿದ್ದರೆ ಇದನ್ನೂ ಮಾಡಬೇಡಿ. ಯಾಕೆ ಅಂತ ಕೇಳಿ.

ನಮ್ಮ ನಾಯಿ ಬೊಳ್ಳಿ ಕುಂಬಳೆಯ ಮೀನು ಮಾರುಕಟ್ಟೆಯ ಹಿಂದೆ ಸಿಕ್ಕಿದವಳು. ಬಣ್ಣ ಯಾವುದೆಂದು ಹೇಳಲು ಮೈಮೇಲೆ ಕೂದಲೇ ಇರಲಿಲ್ಲ. ನಾನೂ ನಿಮ್ಮ ಹಾಗೇ ಕಂಬಕ್ಕೆ ಬಿಗಿದಿದ್ದೆ. ರಾತ್ರಿ ಕೊಕ್ಕೆ ಕಿತ್ತುಕೊಂಡು, ಸಂಕೋಲೆ ಎಳೆದುಕೊಂಡೇ ಗುಡ್ಡೆ ಹತ್ತಿದಳು. ಊರೆಲ್ಲ ಹುಡುಕಿದೆವು. ಕೊನೆಗೆ ಹಳೇ ಸುರಂಗದ ಒಳಗಿಂದ ಸಂಕೋಲೆಯ ಸದ್ದು ಕೇಳಿತು. ನಮ್ಮ ಕಡೆಯ ಸುರಂಗ ನಿಮಗೆ ಗೊತ್ತಲ್ಲ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು, ಒಬ್ಬ ಬಗ್ಗಿ ಹೋಗುವಷ್ಟೇ ಅಗಲ, ಒಳಗೆ ಬಾವಲಿ, ಕಾಲಡಿ ನೀರು. ಸಂಕೋಲೆ ಮುರಕಲ್ಲಿನ ಸಂದಿಗೆ ಸಿಕ್ಕಿಬಿದ್ದಿತ್ತು. ಒಳಗೆ ಹೋದ ಕೆಲಸದವನಿಗೆ ತಿರುಗಲು ಜಾಗವಿಲ್ಲ, ಅವಳಿಗೆ ಹಿಂದೆ ಸರಿಯಲು ಜಾಗವಿಲ್ಲ. ಅವನು ಟಾರ್ಚು ಆರಿಸಿ ಕುಳಿತುಬಿಟ್ಟ. ಮಾತಿಲ್ಲ, ಕೈಚಾಚಲಿಲ್ಲ. ಸುಮಾರು ಹೊತ್ತಾದ ಮೇಲೆ ಅವಳೇ ಮೂಗು ತಂದು ಅವನ ಮೊಣಕಾಲಿಗೆ ತಾಗಿಸಿದಳಂತೆ. ಆಮೇಲೆ ಕೊಕ್ಕೆ ಬಿಚ್ಚಿದ್ದು.

ಅವನಿಂದ ಕಲಿತದ್ದನ್ನೇ ಅಂಗಳದಲ್ಲಿ ಮಾಡಿದೆ. ಅಡಿಕೆ ಸುಲಿಯುವ ಕೆಲಸ ಹೇಗೂ ಇತ್ತಲ್ಲ, ಅವಳ ಗೂಡಿನ ಹತ್ತಿರ ಬೆನ್ನು ಹಾಕಿ ಕೂರುವುದು. ಮುಖಕ್ಕೆ ಮುಖ ಕೊಟ್ಟು ಕೂರಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಹೆದರಿದ ನಾಯಿಗೆ ಅದು ಜಗಳಕ್ಕೆ ಕರೆದ ಹಾಗೆ. ಸುಲಿಯುತ್ತಾ ಹಿಂದಕ್ಕೆ ಒಂದೊಂದು ಬೂತಾಯಿ ಮೀನಿನ ತುಂಡು ಎಸೆಯಿರಿ, ಬೇಯಿಸಿ ಮುಳ್ಳು ತೆಗೆದದ್ದು. ನೀವು ಮೀನು ಮುಟ್ಟದವರಾದರೆ ಬೇಯಿಸಿದ ಮೊಟ್ಟೆ. ಅದೂ ಆಗದಿದ್ದರೆ ಫೋಟೋದಲ್ಲಿ ಪೆಡಿಗ್ರೀ ಚೀಲ ಕಾಣುತ್ತಿದೆ, ಬಟ್ಟಲು ತುಂಬ ಸುರಿಯುವ ಬದಲು ಅದನ್ನೇ ಕಾಳುಕಾಳಾಗಿ ಎಸೆಯಿರಿ. ನನ್ನ ಪ್ರಕಾರ ಅದರ ನಿಜವಾದ ಉಪಯೋಗ ಅಷ್ಟೇ. ಮೊದಲ ಕೆಲವು ದಿನ ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೊಟ್ಟೆ ಸಾಕು. ಒಣಗಿದ ನಾಯಿಗೆ ಒಂದೇ ಸಲ ಹೊಟ್ಟೆ ಬಿರಿಯೆ ಹಾಕಬೇಡಿ, ಸ್ವಲ್ಪಸ್ವಲ್ಪ ನಾಲ್ಕೈದು ಸಲ. ಹಾಲು ಜಾಸ್ತಿ ಆದರೆ ಭೇದಿ.

ಇನ್ನೊಂದು, ನಿಮ್ಮ ಕೊಟ್ಟಿಗೆಯ ಗೋಡೆಗೆ ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲು, ಒರಗಿಸಿದ್ದೀರಿ. ಬೀದಿಯಲ್ಲಿ ಪೆಟ್ಟು ತಿಂದ ನಾಯಿಗೆ ಉದ್ದನೆಯದೆಲ್ಲ ದೊಣ್ಣೆಯೇ. ಅದನ್ನು ನೆಲಕ್ಕೆ ಮಲಗಿಸಿ. ಕೆಲವು ದಿನ ಕಳೆದು ಅದರ ಪಕ್ಕದಲ್ಲೇ ಊಟ ಇಡಿ. ಬೊಳ್ಳಿ ಮೊದಲು ಕೊಡೆ ಬಿಡಿಸಿದರೂ ಓಡುತ್ತಿದ್ದಳು. ಆಮೇಲೆ ಅಪ್ಪನಿಗೆ ಕಣ್ಣು ಮಂಜಾದಾಗ ತೋಟಕ್ಕೆ ಅವಳೇ ಮುಂದೆ. ತೋಡು ದಾಟುವ ಸಂಕದ ನಡುವೆ ನಿಂತು, ಅಪ್ಪನ ದೊಣ್ಣೆ ಹಲಗೆಗೆ ತಾಗಿದ ಸದ್ದು ಕೇಳಿದ ಮೇಲೇ ಮುಂದಿನ ಹೆಜ್ಜೆ. ಯಾರೂ ಕಲಿಸಿದ್ದಲ್ಲ. ಅಪ್ಪ ಹೋದ ಮೇಲೂ ಸಂಜೆ ಸಂಕದವರೆಗೆ ಹೋಗಿ ಬರುತ್ತಿದ್ದಳು. ವಯಸ್ಸಾಗಿಯೇ ಹೋದಳು ಪಾಪ. ಬೊಳ್ಳಿ ಅಂತ ಹೆಸರಿಟ್ಟದ್ದು ಅಮ್ಮ, ಕಜ್ಜಿ ವಾಸಿಯಾಗಿ ಬಿಳಿ ಕೂದಲು ಬಂದ ಮೇಲೆ.

ಕಜ್ಜಿ ಅಂದಾಗ ನೆನಪಾಯಿತು, ಆ ಕರಿ ಆಯಿಲ್! ಯಾರು ಹೇಳಿಕೊಟ್ಟದ್ದು ನಿಮಗೆ? ನಾಯಿ ಮೈ ನೆಕ್ಕಿದರೆ ಹೊಟ್ಟೆಗೇ ಹೋಗುತ್ತದೆ, ಚರ್ಮದಿಂದಲೂ ಇಳಿಯುತ್ತದೆ. ಮುಟ್ಟಲು ಬಿಟ್ಟರೆ ಬೇಬಿ ಶಾಂಪೂ, ಉಗುರು ಬೆಚ್ಚನೆಯ ನೀರು. ಬಿಡದಿದ್ದರೆ ಡಾಕ್ಟ್ರನ್ನೇ ಕರೆಸಿ. ಆಯಿಲ್ ತೆಗೆಯಲು ಸೀಮೆಎಣ್ಣೆ ಮಾತ್ರ ಬೇಡ. ಕಜ್ಜಿಯಲ್ಲಿ ಬೇರೆಬೇರೆ ಜಾತಿಯಿದೆ, ಡಾಕ್ಟ್ರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಾರೆ. ಒಂದು ಜಾತಿಯದ್ದು ನಮಗೂ ತುರಿಕೆ ತರುತ್ತದೆ, ಮಕ್ಕಳನ್ನು ದೂರ ಇಡಿ.

ಉಣುಗು (ಉಣ್ಣೆ ಹುಳ) ಹೋಗಲೆಂದು ದನಕ್ಕೆ ತಂದ ಔಷಧಿಯನ್ನು ಅಂದಾಜಿನಲ್ಲಿ ಬೆರೆಸಿ ಮೈಗೆ ಹೊಯ್ಯಬೇಡಿ. ಡಾಕ್ಟ್ರು ಒಪ್ಪಿದರೆ ಮಾತ್ರೆಯೇ ಒಳ್ಳೆಯದು. ಬ್ರವೆಕ್ಟೊ ದುಬಾರಿ, ಆದರೆ 12 ವಾರ ಚಿಂತೆಯಿಲ್ಲ. ನೆಕ್ಸ್‌ಗಾರ್ಡ್ ತಿಂಗಳಿಗೊಮ್ಮೆ ಕೊಡಬೇಕು, ನಮ್ಮ ಮಳೆಗಾಲದ ಗಡಿಬಿಡಿಯಲ್ಲಿ ಮರೆತೇಹೋಗುತ್ತದೆ. ಎರಡೂ ತೂಕ ನೋಡಿ ಕೊಡುವುದು. ಫಿಟ್ಸ್ ಬರುವ ನಾಯಿಯಾದರೆ ಡಾಕ್ಟ್ರಿಗೆ ಮೊದಲೇ ಹೇಳಿ. ಜ್ವರ ಬಂತೆಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ, ನಾಯಿಗೆ ಅದು ವಿಷವಾಗಬಹುದು.

ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವ ಸಮಯದಲ್ಲಿ ಡ್ರಮ್ಮು ಮುಚ್ಚಿಡಿ. ಮೈಲುತುತ್ತಿನ ನೀರಿಗೆ ನಾಯಿ ಬಾಯಿ ಹಾಕುತ್ತದೆ. ಕಾರಡ್ಕ, ಮುಳಿಯಾರು ಕಡೆಯವರು ರಾತ್ರಿ ಹೊರಗೆ ಕಟ್ಟಲೇಬೇಡಿ, ಚಿರತೆಗೆ ಕಟ್ಟಿದ ನಾಯಿ ಸುಲಭ.

ರೇಬಿಸ್ ಲಸಿಕೆ ಹಾಕಿಸಿ, ಆ ಚೀಟಿ ಇಟ್ಟುಕೊಂಡು ಪಂಚಾಯತಿನಲ್ಲಿ ಲೈಸೆನ್ಸ್ ಮಾಡಿಸಿ. ಕೇರಳದಲ್ಲಿ ನಾಯಿ ಸಾಕಲು ಅದು ಬೇಕು. ಮೈ ಸ್ವಲ್ಪ ತುಂಬಿದ ಮೇಲೆ ಆಪರೇಷನ್ ಮಾಡಿಸಿ. ಇಲ್ಲದಿದ್ದರೆ ವರ್ಷಕ್ಕೆರಡು ಸಲ ಈ ಗುಂಪಿನಲ್ಲೇ ‘ಮರಿ ಬೇಕಾ’ ಅಂತ ಕೇಳುತ್ತೀರಿ.

ಈಗ ಒಂದು ಕೆಲಸ ಮಾಡಿ. ಹಲ್ಲು ತೋರಿಸುವಾಗ ಒಸಡು ಕಾಣುತ್ತದಲ್ವಾ, ದೂರದಿಂದ ಜೂಮ್ ಮಾಡಿ ಒಂದು ಫೋಟೋ ತೆಗೆದು ಹಾಕಿ. ಒಸಡು ಬಿಳಿಚಿದ್ದರೆ ಉಣುಗಿನ ಜ್ವರವೂ ಇರಬಹುದು. ಹಾಗಿದ್ದರೆ ಸೋಮವಾರದವರೆಗೆ ಕಾಯಬೇಡಿ.