1800 ಸಂಖ್ಯೆ: ಬಾಡಿಗೆಗಿಂತ ನಿಮಿಷದ ಲೆಕ್ಕ ದೊಡ್ಡದು

ಪೀಣ್ಯದಲ್ಲಿ ಬೋರ್‌ವೆಲ್ ಮೋಟರ್ ಸರ್ವಿಸ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸಿದ್ದೇವೆ. ಅದಕ್ಕೆ ಟೋಲ್ ಫ್ರೀ ಸಂಖ್ಯೆ ಸೇರಿಸಬೇಕು. ಒಬ್ಬರು ತಿಂಗಳ ಬಾಡಿಗೆ ಕಡಿಮೆ ಮಾಡಿ ನಿಮಿಷದ ದರ ಹೆಚ್ಚು ಹೇಳುತ್ತಾರೆ, ಇನ್ನೊಬ್ಬರದು ತಿರುಗುಮುರುಗು. ಯಾವುದು ಲಾಭ?"

1800 ಟೋಲ್ ಫ್ರೀ ಸಂಖ್ಯೆಗೆ ಬರುವ ಕರೆಯ ದುಡ್ಡು ಕೊಡುವುದು ಗ್ರಾಹಕರಲ್ಲ, ನೀವು. ಹಾಗಾಗಿ ಮೊದಲು ನಿಮ್ಮ ಕರೆಗಳನ್ನು ಎಣಿಸಿ. ದಿನಕ್ಕೆ 40 ಕರೆ, ತಲಾ 3 ನಿಮಿಷ, ತಿಂಗಳಿಗೆ 26 ದಿನ ಎಂದರೆ 3,120 ನಿಮಿಷ. ಇಬ್ಬರ ದರದಲ್ಲಿ ನಿಮಿಷಕ್ಕೆ 40 ಪೈಸೆ ವ್ಯತ್ಯಾಸವಿದ್ದರೆ ತಿಂಗಳಿಗೆ 1,248 ರೂಪಾಯಿ. ಬಾಡಿಗೆಯ ವ್ಯತ್ಯಾಸ ಇದಕ್ಕಿಂತ ಕಡಿಮೆಯಿದ್ದರೆ ನಿಮಿಷದ ದರ ಕಡಿಮೆ ಹೇಳುವ ಎರಡನೆಯವರನ್ನೇ ಹಿಡಿಯಿರಿ. ಬಾಡಿಗೆ, ನಿಮಿಷದ ದರ ಎರಡಕ್ಕೂ ಶೇ. 18 ಜಿಎಸ್‌ಟಿ ಬೀಳುತ್ತದೆ. ನೋಂದಣಿ ಇದ್ದರೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಿ.

ಬಿಲ್ ಹಿಗ್ಗುವುದು ಬೇರೆ ಕಡೆ. "ಸ್ವಾಗತ, ಕನ್ನಡಕ್ಕೆ 1 ಒತ್ತಿ" ಎಂಬ ರೆಕಾರ್ಡ್ ಧ್ವನಿಯು ಕರೆ ಎತ್ತಿದ ಕ್ಷಣದಿಂದಲೇ ಮೀಟರ್ ಓಡುತ್ತದೆ. ಆ ಸಂದೇಶ 30 ಸೆಕೆಂಡ್ ಇದ್ದರೆ ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 520 ನಿಮಿಷ ಅದಕ್ಕೇ ಹೋಯಿತು. ಹುಡುಗರು ಬಿಜಿ ಇದ್ದಾಗ ಗ್ರಾಹಕ ಹಾಡು ಕೇಳುತ್ತಾ ಕಾಯುವುದೂ ನಿಮ್ಮ ಖರ್ಚೇ. ಪಲ್ಸ್, ಅಂದರೆ ದರ ಲೆಕ್ಕ ಹಾಕುವ ಅವಧಿಯ ತುಂಡು, 60 ಸೆಕೆಂಡಿನದಾದರೆ 61 ಸೆಕೆಂಡಿನ ಕರೆಗೆ 2 ನಿಮಿಷದ ದುಡ್ಡು. ಪಲ್ಸ್ ಎಷ್ಟೆಂದು ಬರವಣಿಗೆಯಲ್ಲೇ ಕೇಳಿ. ಕರೆಯನ್ನು ಮೆಕ್ಯಾನಿಕ್‌ನ ಮೊಬೈಲಿಗೆ ತಿರುಗಿಸಿದರೆ ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು, ಹೀಗೆ ಎರಡು ಲೆಗ್‌ಗೂ ದರ ಹಾಕುವವರಿದ್ದಾರೆ. ಅದಕ್ಕೇ ಕರೆ ನೇರವಾಗಿ ನಿಮ್ಮ ಸಿಪ್ ಟ್ರಂಕ್‌ಗೆ, ಅಂದರೆ ಆಫೀಸಿನ ಇಂಟರ್ನೆಟ್ ಫೋನಿನ ಲೈನಿಗೆ, ಬರುವಂತೆ ಮಾಡಿಸಿಕೊಳ್ಳಿ.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಈಗ ಹೆಚ್ಚಿನವರ ಮೊಬೈಲ್ ಪ್ಲಾನಿನಲ್ಲಿ ಕರೆ ಅನ್‌ಲಿಮಿಟೆಡ್. 1800ರಿಂದ ಅವರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಗ್ರಾಹಕರೆಲ್ಲ ಬೆಂಗಳೂರಿನ ಸುತ್ತಮುತ್ತಲಿನವರಾದರೆ ಸಿಪ್ ಟ್ರಂಕ್ ಜೊತೆ ಬರುವ 080 ಸಂಖ್ಯೆಯೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಹೊರ ರಾಜ್ಯಗಳಿಗೂ ಮೋಟರ್ ಮಾರುವುದಿದ್ದರೆ, ವಾರಂಟಿ ಕಾರ್ಡಿನ ಮೇಲೆ ಒಂದೇ ಸಂಖ್ಯೆ ಬೇಕಿದ್ದರೆ 1800 ತೆಗೆದುಕೊಳ್ಳಿ. 1860 ಅಂದರೆ ಫ್ರೀ ಅಲ್ಲ, ಅದರಲ್ಲಿ ಕರೆ ಮಾಡಿದವರೇ ದುಡ್ಡು ಕೊಡುತ್ತಾರೆ.

ಸಂಖ್ಯೆ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಅರ್ಜಿಯಲ್ಲೇ ನೋಡಿ. ಎಂಎನ್‌ಪಿ, ಅಂದರೆ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ, ಇರುವುದು ಮೊಬೈಲ್‌ಗೆ. ಮರುಮಾರಾಟಗಾರರ ಹೆಸರಿನಲ್ಲಿದ್ದರೆ ನಾಳೆ ಅವರನ್ನು ಬಿಟ್ಟ ದಿನ ಸಂಖ್ಯೆಯೂ ಕೈಬಿಡುತ್ತದೆ. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ವಿಳಾಸದ ದಾಖಲೆ, ಸಹಿ ಅಧಿಕಾರದ ಪತ್ರ ನಿಮ್ಮ ಸಂಸ್ಥೆಯದ್ದೇ ಕೊಡಿ.

ಜೋಡಣೆಯಲ್ಲಿ ಎಡವುವ ಜಾಗಗಳು ಗೊತ್ತಿರುವಂಥವೇ. 1800 ಸಂಖ್ಯೆ ಎಷ್ಟೇ ಕರೆ ತಂದರೂ ಟ್ರಂಕ್‌ನಲ್ಲಿ 4 ಚಾನೆಲ್ (ಒಟ್ಟಿಗೆ 4 ಕರೆಗೆ ಜಾಗ) ಇದ್ದರೆ ಐದನೆಯವರಿಗೆ ಎಂಗೇಜ್. ಮಾತನ್ನು ಡೇಟಾ ಆಗಿ ಬದಲಿಸುವ ಜಿ.711 ಕೋಡೆಕ್‌ನಲ್ಲಿ ಪ್ರತಿ ಕರೆಗೆ ಹೋಗಿ ಬರುವ ಎರಡೂ ದಿಕ್ಕಿಗೆ ತಲಾ ಸುಮಾರು 90 ಕೆಬಿಪಿಎಸ್ ಇಂಟರ್ನೆಟ್ ವೇಗ ಇಟ್ಟುಕೊಳ್ಳಿ. ಒಂದೇ ಕಡೆ ಮಾತು ಕೇಳಿಸಿದರೆ, ಅಥವಾ ಕರೆ ಸುಮಾರು 30 ಸೆಕೆಂಡಿಗೆ ಕಡಿದುಹೋದರೆ ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಸೆಟ್ಟಿಂಗ್ ಆಫ್ ಮಾಡಿ ನೋಡಿ. 1 ಒತ್ತಿದರೂ ಮೆನು ಅಲುಗದಿದ್ದರೆ ನಿಮ್ಮಲ್ಲೂ ಸೇವೆ ಕೊಟ್ಟವರಲ್ಲೂ ಡಿಟಿಎಂಎಫ್ (ಒತ್ತಿದ ಅಂಕಿಯನ್ನು ಕಳಿಸುವ ಸಂಕೇತ) ಆರ್‌ಎಫ್‌ಸಿ 2833 ವಿಧಾನಕ್ಕೆ ಇದೆಯೇ ಪರೀಕ್ಷಿಸಿ. ಮೆಕ್ಯಾನಿಕ್‌ನ ಮೊಬೈಲಿಗೆ ಹೋಗುವ ಕರೆ ಸೇರದಿದ್ದರೆ ಡಯಲ್ ನಿಯಮ ನೋಡಿ: 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ (ನಿಮ್ಮ 080 ಸಂಖ್ಯೆಯೂ ಅದೇ) ಮೊಬೈಲಿಗೆ ಮುಂದೆ ಸೊನ್ನೆ ಕಡ್ಡಾಯ. ಎಕ್ಸ್‌ಟೆನ್ಷನ್ (ಆಫೀಸಿನ ಒಳಸಂಖ್ಯೆ) 101ಕ್ಕೆ ಪಾಸ್‌ವರ್ಡ್ 101 ಇಡಬೇಡಿ, ಐಎಸ್‌ಡಿ ಬೇಡವಾದರೆ ಮುಚ್ಚಿಸಿಬಿಡಿ. ರಾತ್ರೋರಾತ್ರಿ ಕಳ್ಳಕರೆ ಮಾಡಿ ಲಕ್ಷಗಟ್ಟಲೆ ಬಿಲ್ ಏರಿಸುವವರು ಮೊದಲು ತಡಕುವುದೇ ಇಂಥ ಸುಲಭದ ಪಾಸ್‌ವರ್ಡನ್ನು.

ಸಂಖ್ಯೆಯನ್ನು ವ್ಯಾನಿನ ಮೇಲೆ ಬರೆಸುವ ಮೊದಲು ಜಿಯೋ, ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ನಾಲ್ಕರಿಂದಲೂ ಕರೆ ಮಾಡಿ ನೋಡಿ. ಒಂದರಿಂದ ಸೇರದಿದ್ದರೂ ಸೇವೆ ಕೊಟ್ಟವರಿಂದ ಸರಿಪಡಿಸಿಕೊಂಡ ಮೇಲೆಯೇ ಪೇಂಟರನ್ನು ಕರೆಯಿರಿ.