ತಟ್ಟೆ ಒಂದು, ಕೈ ನಾಲ್ಕು

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಕೆಂಚನಿಗೆ ಮೂರು ವರ್ಷ. ನಾಡು ನಾಯಿ, 14 ಕೆ.ಜಿ. ಇದ್ದಾನೆ. ಮೊದಲು ಏನು ಹಾಕಿದರೂ ತಿನ್ನುತ್ತಿದ್ದ. ಈಗ ಮುದ್ದೆ, ಅನ್ನ ಎಲ್ಲ ಮೂಸಿ ನೋಡಿ ಹೋಗಿಬಿಡುತ್ತಾನೆ. ಕೈಯಲ್ಲಿ ತಿನ್ನಿಸಬೇಕು, ಅದೂ ಚಿಕನ್ ಇದ್ದರೆ ಮಾತ್ರ. ಇಲ್ಲದಿದ್ದರೆ ದಿನವಿಡೀ ಉಪವಾಸ. ಯಾವ ಡ್ರೈ ಫುಡ್ ಕೊಡಬೇಕು, ತಿಳಿಸಿ.”

ಸಂಪಾದಕರ ಉತ್ತರ:

ನಿಮ್ಮ ಉದ್ದದ ಪತ್ರವನ್ನು ಪೆನ್ಸಿಲ್ ಹಿಡಿದುಕೊಂಡು ಓದಿದೆ. ಉಪವಾಸ ಅಂದಿದ್ದೀರಿ. ಆದರೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ನೀವೇ ಬರೆದಿರುವುದನ್ನು ಒಟ್ಟು ಮಾಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಬೆಳಿಗ್ಗೆ ಅತ್ತೆಯವರು ಕಾಫಿ ಜೊತೆ ಕೊಡುವ ಗ್ಲೂಕೋಸ್ ಬಿಸ್ಕತ್ತು, ಒಂದು ಸಣ್ಣ ಪ್ಯಾಕೆಟ್. ಮಗ ಟ್ಯೂಷನ್‌ನಿಂದ ಬಂದು ತಿನ್ನುವ ಬನ್ನಿನಲ್ಲಿ ಅರ್ಧ. ಯಜಮಾನರು ರಾತ್ರಿ ತರುವ ಕಬಾಬಿನಲ್ಲಿ ಎರಡು ಪೀಸು. ಕೊನೆಗೆ ‘ಪಾಪ, ಏನೂ ತಿಂದಿಲ್ಲ’ ಅಂತ ನೀವು ಕೊಡುವ ಹಾಲು. ಇದು ಅವಲಕ್ಕಿ, ಉಪ್ಪಿಟ್ಟು, ಹಣ್ಣು ಎಲ್ಲ ಮುಗಿಸಿ ಏಕಾದಶಿ ಮಾಡಿದ ಹಾಗಾಯಿತು, ಅಲ್ವಾ?

ಕೆಂಚನಷ್ಟು ತೂಕದ, ಬೆಳೆದ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಸಾಕು. ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಹತ್ತಿರ ಹತ್ತಿರ 450 ಇರುತ್ತದೆ. 50 ಗ್ರಾಂ ಬಿಸ್ಕತ್ತು ತಿಂದರೆ ದಿನದ ಕಾಲು ಭಾಗಕ್ಕಿಂತ ಜಾಸ್ತಿ ಬೆಳಿಗ್ಗೆಯೇ ಮುಗಿಯಿತು. ಬನ್ನು, ಹಾಲು, ಕಬಾಬು ಸೇರಿಸಿಕೊಳ್ಳಿ. ಆಮೇಲೆ ಮುದ್ದೆ ಯಾಕೆ ಬೇಕು ಅವನಿಗೆ? ಮುದ್ದೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಚಿಕನ್ ಬರುತ್ತದೆ ಅನ್ನುವುದನ್ನೂ ಕಲಿತಿದ್ದಾನೆ. ಕಲಿಸಿದವರು ನೀವೇ.

ಆದರೂ ‘ಮೊದಲು ಏನು ಹಾಕಿದರೂ ತಿನ್ನುತ್ತಿದ್ದ’ ಎನ್ನುವ ಸಾಲನ್ನು ಸುಮ್ನೆ ಬಿಡುವ ಹಾಗಿಲ್ಲ. ಮೇಲಿನ ತುಟಿ ಎತ್ತಿ ನೋಡಿ. ಒಸಡು ಗುಲಾಬಿ ಬಣ್ಣ ಇರಬೇಕು. ಬಿಳಿಚಿಕೊಂಡಿದ್ದರೆ ಕಾಯಬೇಡಿ, ಅದೇ ದಿನ ಪಶು ಆಸ್ಪತ್ರೆಗೆ ಹೋಗಿ. ಉಣುಗು ಕಚ್ಚಿ ಬರುವ ಜ್ವರದಲ್ಲಿ ಊಟ ಬಿಡುವುದು, ಮಂಕಾಗುವುದು ಮೊದಲು ಕಾಣುವ ಲಕ್ಷಣ. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಬೆರಳಾಡಿಸಿ ಹುಡುಕಿ. ಹಿಂದಿನ ದೊಡ್ಡ ಹಲ್ಲುಗಳ ಮೇಲೆ ಕಂದು ಪಾಚಿ ಕಟ್ಟಿದ್ದರೆ, ಬಾಯಿ ವಾಸನೆ ಇದ್ದರೆ, ಹಲ್ಲುನೋವಿಗೂ ಗಟ್ಟಿ ತಿನಿಸು ಬಿಡುತ್ತಾನೆ. ಹುಷಾರಿಲ್ಲದ ನಾಯಿ ಸಾಮಾನ್ಯವಾಗಿ ಕಬಾಬನ್ನೂ ಬಿಡುತ್ತದೆ. ಕೆಂಚ ಕಬಾಬು ಬಿಟ್ಟಿಲ್ಲ ಎನ್ನುವುದು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು.

‘ಸೊರಗಿದ್ದಾನೆ’ ಅಂತಲೂ ಬರೆದಿದ್ದೀರಿ. ಕಣ್ಣಿನ ಅಳತೆ ನಂಬಬೇಡಿ. ನಿಮ್ಮ ಕೈ ಚಾಚಿ, ಹಿಂಗೈ ಮೇಲೆ ಇನ್ನೊಂದು ಕೈಯ ಬೆರಳು ಓಡಿಸಿ. ಮೂಳೆ ಸಿಗುತ್ತದೆ, ಆದರೆ ಚುಚ್ಚುವುದಿಲ್ಲ. ಕೆಂಚನ ಪಕ್ಕೆಲುಬು ಹಾಗೆ ಸಿಕ್ಕರೆ ಮೈ ಸರಿಯಾಗಿದೆ. ಮುಷ್ಟಿ ಕಟ್ಟಿದಾಗ ಗೆಣ್ಣು ಸಿಗುವ ಹಾಗಿದ್ದರೆ ನಿಜಕ್ಕೂ ಸಣ್ಣ. ಅಂಗೈಯ ದಿಂಡಿನ ಹಾಗಿದ್ದರೆ ಕೊಬ್ಬು ಜಾಸ್ತಿ. ನಾಡು ನಾಯಿಗಳ ಮೈಕಟ್ಟೇ ತೆಳು, ಪಕ್ಕದ ಮನೆ ಲ್ಯಾಬ್ರಡಾರ್ ನೋಡಿ ಸಂಕಟಪಡುವುದು ಬೇಡ.

ಇನ್ನು ಕೆಲಸದ ಮಾತು. ಬೆಳಿಗ್ಗೆ ಒಂದು, ಸಂಜೆ ಒಂದು ಊಟ. ಮೊದಲು ಒಂದು ಸುತ್ತು ಓಡಾಡಿಸಿ, ಆಮೇಲೆ ತಟ್ಟೆ ಇಡಿ. ಊಟ ಉಗುರು ಬೆಚ್ಚಗಿರಲಿ. ನಾಯಿ ನಾಲಿಗೆಗಿಂತ ಮೂಗನ್ನೇ ಜಾಸ್ತಿ ನಂಬುತ್ತದೆ, ಬೆಚ್ಚಗಿದ್ದರೆ ವಾಸನೆ ಏಳುತ್ತದೆ. ಇಟ್ಟು ನೀವು ಅಡುಗೆಮನೆಗೆ ಹೋಗಿಬಿಡಿ. ಮುಂದೆ ಕೂತು ‘ತಿನ್ನೋ ಕೆಂಚ, ನನ್ನಪ್ಪ ಅಲ್ವಾ’ ಅಂತ ರಮಿಸಬೇಡಿ. ಇಪ್ಪತ್ತು ನಿಮಿಷ ಬಿಟ್ಟು ಬಂದು, ಉಳಿದಿದ್ದನ್ನು ಮಾತಿಲ್ಲದೆ ಎತ್ತಿಡಿ. ನೀರು ಮಾತ್ರ ಯಾವಾಗಲೂ ಇರಲಿ. ಆರೋಗ್ಯವಾಗಿರುವ, ಬೆಳೆದ ನಾಯಿ ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ. ಪೂರ್ತಿ ಒಂದು ದಿನ ಏನನ್ನೂ ಮುಟ್ಟದಿದ್ದರೆ, ಅಥವಾ ವಾಂತಿ, ಭೇದಿ, ಸುಸ್ತು ಕಂಡರೆ ಹಟ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಮರಿಗಳ ಮೇಲಂತೂ ಈ ಪ್ರಯೋಗ ಬೇಡವೇ ಬೇಡ.

ಕಷ್ಟ ಇರುವುದು ಕೆಂಚನ ಹತ್ತಿರ ಅಲ್ಲ, ಅತ್ತೆಯವರ ಹತ್ತಿರ. ಬೇಡ ಅಂದರೆ ಸೆರಗಿನ ಮರೆಯಲ್ಲಿ ಕೊಡುತ್ತಾರೆ. ಅದಕ್ಕೆ ತಟ್ಟೆ ಇಡುವ ಕೆಲಸವನ್ನೇ ಅವರಿಗೆ ವಹಿಸಿ. ಕೊಟ್ಟ ತೃಪ್ತಿಯೂ ಅವರಿಗಿರಲಿ. ಜೊತೆಗೆ ಒಂದು ಡಬ್ಬಿ ಇಡಿ. ಚಿಲ್ಲರೆ ತಿಂಡಿ ದಿನದ ಊಟದ ಹತ್ತನೇ ಒಂದು ಭಾಗ ಮೀರಬಾರದು. ಕೆಂಚನಿಗೆ ಅದು ನಾಲ್ಕು ಗ್ಲೂಕೋಸ್ ಬಿಸ್ಕತ್ತಿನಷ್ಟು. ಬಿಸ್ಕತ್ತಿನ ಬದಲು ಬೇಯಿಸಿದ ಕೋಳಿ ಚೂರು, ಕ್ಯಾರೆಟ್ ಇದ್ದರೆ ಇನ್ನೂ ವಾಸಿ. ನಾಲ್ಕೂ ಜನ ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು.

ತಟ್ಟೆಗೆ ಏನು? ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಇಂಡಾಫ್ ರಾಗಿ ತಳಿ ಹುಟ್ಟಿದ ಊರಿನವರಿಗೆ ಮುದ್ದೆ ಬೇಡ ಅನ್ನುವ ಧೈರ್ಯ ನನಗಿಲ್ಲ. ಅಗತ್ಯವೂ ಇಲ್ಲ. ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ಜಾಸ್ತಿ, ಅದರ ಜೀನ್‌ನಲ್ಲೇ ಆ ಬದಲಾವಣೆ ಇದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದಾರೆ. ಅಗಿಯದೆ ನುಂಗುವುದರಲ್ಲಂತೂ ನಾಯಿ ನಿಮ್ಮೂರಿನವರಿಗೆ ಸರಿಸಾಟಿ. ಆದರೆ ಬರೀ ಮುದ್ದೆ-ಸಾರು, ಮೊಸರನ್ನದಲ್ಲಿ ಪ್ರೋಟೀನ್ ಸಾಲದು. ಮೂಳೆ ತೆಗೆದು ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಒಂದಿಷ್ಟು ಸಿಹಿಗುಂಬಳ, ಬೀನ್ಸ್ ಸೇರಿಸಿ ಚೆನ್ನಾಗಿ ಹಿಸುಕಿ ಕಲಸಿ. ಚಿಕನ್ ಆರಿಸಿಕೊಂಡು ಮುದ್ದೆ ಬಿಡಲು ಆಗಬಾರದು, ಹಾಗೆ ಕಲಸಬೇಕು. ದಿನವೂ ಮನೆಯ ಊಟವೇ ಆದರೆ ಕ್ಯಾಲ್ಸಿಯಂ ಪುಡಿ ಎಷ್ಟು ಬೇಕು ಅಂತ ಡಾಕ್ಟರನ್ನು ಕೇಳಿ. ಬಾಡಿನಲ್ಲಿ ಅದು ಕಮ್ಮಿ, ರಾಗಿ ಒಂದನ್ನೇ ನಂಬಿದರೆ ಸಾಲದು.

ಬಸ್ಸಾರು, ಕಬಾಬು ಮಾತ್ರ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಕರಿದರೂ ಆ ವಿಷ ಹೋಗುವುದಿಲ್ಲ, ಲಕ್ಷಣ ಕಾಣಲು ಕೆಲವು ದಿನ ಹಿಡಿಯಬಹುದು. ಭಾನುವಾರ ಮದ್ದೂರು ವಡೆ ಕೊಡುತ್ತೇವೆ ಅಂದಿದ್ದೀರಲ್ಲ, ಅದರಲ್ಲಿ ಇರುವುದೇ ಈರುಳ್ಳಿ. ಪಾಯಸದ ದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು.

ಡ್ರೈ ಫುಡ್ ಯಾವುದು ಅಂತ ಕೇಳಿದ್ದೀರಿ. ಬ್ರ್ಯಾಂಡ್ ಹೆಸರು ನಾನು ಹೇಳುವುದಿಲ್ಲ. ಬೆಳೆದ ನಾಯಿಗೆ ಸಂಪೂರ್ಣ ಆಹಾರ ಎಂದು ಪ್ಯಾಕೆಟ್ ಮೇಲೆ ಬರೆದಿರಬೇಕು. ಒಮ್ಮೆಲೇ ಬದಲಾಯಿಸಬೇಡಿ. ಹಳೆಯ ಊಟಕ್ಕೆ ಕಾಲು ಭಾಗ ಬೆರೆಸಿ ಶುರು ಮಾಡಿ, ಒಂದು ವಾರದಲ್ಲಿ ಪೂರ್ತಿ ಬದಲಾಗಲಿ. ಅಂಥ ಆಹಾರದಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಇರುತ್ತದೆ. ಕೆಂಚನಿಗೆ ದಿನಕ್ಕೆ ಹೆಚ್ಚೆಂದರೆ 200 ಗ್ರಾಂ ಸುಮಾರಿಗೆ, ಅದೂ ಎರಡು ಹೊತ್ತಿಗೆ. ತೂಗಿ ಹಾಕಿದರೆ ‘ಇಷ್ಟೇನಾ?’ ಅನ್ನಿಸುತ್ತದೆ. ಇಷ್ಟೇ. ಮೊದಲ ಸಲ ಅತಿ ಸಣ್ಣ ಪ್ಯಾಕೆಟ್ ತನ್ನಿ. ಅವನಿಗೆ ಹಿಡಿಸದಿದ್ದರೆ ನಿಮ್ಮ ಬೀದಿಯ ಉಳಿದ ನಾಯಿಗಳು ಖಾಲಿ ಮಾಡುತ್ತವೆ, ಅವುಗಳಿಗೆ ಅತ್ತೆ ಇಲ್ಲವಲ್ಲ.